ಜೈಲಿನಲ್ಲಿರುವ ಮನೋರೋಗಿಯ ಚಿಕಿತ್ಸೆಗೆ ಹಣ ಯಾವ ಇಲಾಖೆಯದ್ದು?

2025ರ ಏಪ್ರಿಲ್‌ನಲ್ಲಿ ಪ್ರಕಟವಾದ ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ಪೊಲೀಸ್, ನ್ಯಾಯಾಂಗ, ಕಾರಾಗೃಹ ಮತ್ತು ಕಾನೂನು ನೆರವು ಎಂಬ ನಾಲ್ಕು ಅಂಗಗಳನ್ನು ಒಟ್ಟಾಗಿ ಅಳೆದು, ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಕೊಟ್ಟಿತು. ದೇಶದ ಜೈಲುಗಳಲ್ಲಿರುವ ಸುಮಾರು 5.7 ಲಕ್ಷ ಕೈದಿಗಳಿಗೆ ಇರುವ ಮನಃಶಾಸ್ತ್ರಜ್ಞರು ಮತ್ತು ಮನೋವೈದ್ಯರು ಒಟ್ಟು 25 ಮಂದಿ ಮಾತ್ರ ಎಂಬುದನ್ನೂ ಅದೇ ವರದಿ ದಾಖಲಿಸಿತು. 500 ಕೈದಿಗಳಿಗೆ ಒಬ್ಬರಿರಬೇಕು ಎಂಬ ಮಾನದಂಡದಂತೆ ಲೆಕ್ಕ ಹಾಕಿದರೆ ಸುಮಾರು 1,140 ಮಂದಿ ಬೇಕಾಗುತ್ತದೆ. ಮೊದಲ ಸ್ಥಾನದ ಸುದ್ದಿ ಮತ್ತು ಈ ಕೊರತೆಯ ಸುದ್ದಿ ಒಟ್ಟೊಟ್ಟಿಗೆ ಬಂದಾಗ, ನಮ್ಮ ಜೈಲುಗಳ ಸ್ಥಿತಿ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಓದುಗರು ಗೊಂದಲಗೊಳ್ಳುವುದು ಸಹಜ.

ಚಿತ್ರದುರ್ಗ, ದಾವಣಗೆರೆಯಂತಹ ಜಿಲ್ಲೆಗಳ ಓದುಗರಿಗೆ ಈ ಗೊಂದಲ ಇನ್ನೂ ಹೆಚ್ಚು. ಕೈದಿಗೂ ಮಾನಸಿಕ ಚಿಕಿತ್ಸೆಯ ಹಕ್ಕಿದೆ ಎಂದು ಕಾನೂನು ಹೇಳುತ್ತದೆ. ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಜಿಲ್ಲಾಸ್ಪತ್ರೆಯಿದೆ, ಜೈಲಿಗೆ ವೈದ್ಯರ ವ್ಯವಸ್ಥೆಯೂ ಇದೆ. ಇಷ್ಟೆಲ್ಲ ಇದ್ದೂ ಸಣ್ಣ ಜೈಲುಗಳಲ್ಲಿ ಈ ಚಿಕಿತ್ಸೆ ಏಕೆ ಗಟ್ಟಿಯಾಗಿ ನೆಲೆಯೂರುವುದಿಲ್ಲ? ಹಣ ಕಡಿಮೆ ಎಂಬುದು ಉತ್ತರದ ಒಂದು ಭಾಗ ಮಾತ್ರ. ಇರುವ ಹಣ ಯಾವ ದಾರಿಯಲ್ಲಿ ಬರುತ್ತದೆ, ಅದರ ಹೊಣೆ ಯಾರ ಮೇಲಿದೆ ಎಂಬುದರಲ್ಲಿ ಉತ್ತರದ ದೊಡ್ಡ ಭಾಗವಿದೆ.

ಜಿಲ್ಲಾ ಜೈಲಿನಲ್ಲಿ ಇರುವವರು

ಜಿಲ್ಲಾ ಕಾರಾಗೃಹ ಮತ್ತು ಕೇಂದ್ರ ಕಾರಾಗೃಹ ಒಂದೇ ಬಗೆಯವಲ್ಲ. ದೀರ್ಘ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಗುತ್ತದೆ. ಚಿತ್ರದುರ್ಗಕ್ಕೆ ಹತ್ತಿರದವು ಶಿವಮೊಗ್ಗ ಮತ್ತು ಬಳ್ಳಾರಿಯಲ್ಲಿವೆ. ಜಿಲ್ಲಾ ಜೈಲಿನಲ್ಲಿ ಉಳಿಯುವವರು ಬಹುಪಾಲು ವಿಚಾರಣಾಧೀನ ಕೈದಿಗಳು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ವಿಚಾರಣೆ ಮುಗಿಯದವರೇ ಆಗಿದ್ದರು. ಇವರು ಅಪರಾಧಿಗಳೆಂದು ಯಾವ ನ್ಯಾಯಾಲಯವೂ ತೀರ್ಮಾನಿಸಿರಲಿಲ್ಲ.

ಇವರಲ್ಲಿ ಎಷ್ಟು ಜನರಿಗೆ ಮಾನಸಿಕ ಚಿಕಿತ್ಸೆ ಬೇಕು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ 79.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕವಸ್ತು, ಮದ್ಯ, ತಂಬಾಕು ಬಳಕೆಯ ಸಮಸ್ಯೆ ಕಂಡುಬಂದಿತ್ತು. ವ್ಯಸನವನ್ನು ಬದಿಗಿಟ್ಟು ಎಣಿಸಿದರೂ ಶೇ 27.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇತ್ತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಕಂಡ ಪ್ರಮಾಣ ಶೇ 10.6. ಎರಡು ಅಧ್ಯಯನಗಳ ವಿಧಾನ ಬೇರೆ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ತಾಳೆ ಹಾಕುವುದು ಸರಿಯಲ್ಲ. ಆದರೆ ಹೊರಗಿಗಿಂತ ಜೈಲಿನೊಳಗೆ ಸಮಸ್ಯೆ ಬಹಳ ದಟ್ಟವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಅಪಾಯ ಹೆಚ್ಚಿರುವುದು ಮೊದಲ ದಿನಗಳಲ್ಲಿ

ಹಲವು ವರ್ಷಗಳಿಂದ ದಿನವೂ ವಿಪರೀತ ಕುಡಿಯುತ್ತಿದ್ದ ವ್ಯಕ್ತಿಯನ್ನು ಬಂಧಿಸಿ ಜೈಲಿಗೆ ತಂದಾಗ ಮದ್ಯ ಒಮ್ಮೆಲೇ ನಿಲ್ಲುತ್ತದೆ. ಮೊದಲ ದಿನ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಒಂದೆರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರು ಸನ್ನಿಗೆ ಜಾರಿ, ಎಲ್ಲಿದ್ದೇನೆಂಬ ಅರಿವಿಲ್ಲದೆ, ಇಲ್ಲದ್ದನ್ನು ಕಂಡು ಹೆದರಿ ಕೂಗಾಡತೊಡಗುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿ ಪ್ರಾಣವನ್ನೇ ತೆಗೆಯಬಲ್ಲದು. ಸರಿಯಾದ ಸಮಯಕ್ಕೆ ಲೋರಾಜೆಪಾಮ್‌ನಂತಹ ಔಷಧ, ಥಯಾಮಿನ್ ವಿಟಮಿನ್ ಮತ್ತು ನಿಗಾ ಸಿಕ್ಕರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಔಷಧ ದುಬಾರಿಯಲ್ಲ. ಜೈಲಿಗೆ ಬಂದ ದಿನವೇ ‘ದಿನಕ್ಕೆ ಎಷ್ಟು ಕುಡಿಯುತ್ತಿದ್ದಿರಿ, ಕೊನೆಯ ಬಾರಿ ಕುಡಿದದ್ದು ಯಾವಾಗ’ ಎಂದು ಕೇಳುವ ತರಬೇತಾದ ವ್ಯಕ್ತಿ ಅಲ್ಲಿರಬೇಕು. ಕೇಳುವವರು ಇಲ್ಲದಿದ್ದಾಗ, ಸನ್ನಿಯ ಕೂಗಾಟ ಅಶಿಸ್ತಾಗಿ ಕಾಣುತ್ತದೆ, ಚಿಕಿತ್ಸೆ ಸಿಗಬೇಕಾದವನು ಒಂಟಿ ಕೋಣೆ ಸೇರುವ ಅಪಾಯ ಬರುತ್ತದೆ.

ಮೊದಲ ಬಾರಿ ಬಂಧನಕ್ಕೊಳಗಾದವರಲ್ಲಿ ಅವಮಾನ, ಕುಟುಂಬದ ಚಿಂತೆ, ಜಾಮೀನು ಸಿಗುವುದೋ ಇಲ್ಲವೋ ಎಂಬ ಭಯ ಒಟ್ಟಿಗೆ ಮುತ್ತಿಕೊಳ್ಳುತ್ತವೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ವರದಿಯಂತೆ, 2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಿ ಸಂಭವಿಸಿದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರ ಜೂನ್‌ನಲ್ಲಿ ಹೊರಡಿಸಿದ ಸಲಹಾಪತ್ರ, ಪ್ರವೇಶದ ಹಂತದಲ್ಲೇ ಮಾನಸಿಕ ಆರೋಗ್ಯದ ತಪಾಸಣೆ ನಡೆಯಬೇಕೆಂದೂ ಜೈಲು ಸಿಬ್ಬಂದಿಗೆ ಅಪಾಯದ ಲಕ್ಷಣ ಗುರುತಿಸುವ ತರಬೇತಿ ಸಿಗಬೇಕೆಂದೂ ಹೇಳಿದ್ದು ಇದೇ ಕಾರಣಕ್ಕೆ.

ಕಾನೂನು ಹೇಳುವುದು, ಬಿಟ್ಟುಬಿಡುವುದು

2017ರಲ್ಲಿ ಸಂಸತ್ತು ಅಂಗೀಕರಿಸಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಸೆಕ್ಷನ್, ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೆ ಮೂಲಭೂತ ಹಾಗೂ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಕೈದಿಗಳಿಗಾಗಿಯೇ ಇರುವುದು 103ನೇ ಸೆಕ್ಷನ್. ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು, ಕಾಯಿಲೆ ಇರುವ ಕೈದಿಗಳನ್ನು ಸಾಮಾನ್ಯವಾಗಿ ಅಲ್ಲಿಗೆ ಕಳುಹಿಸಬೇಕು ಎಂದು ಅದು ವಿಧಿಸುತ್ತದೆ. ತನ್ನ ಜೈಲಿನಲ್ಲಿ ಮಾನಸಿಕ ಕಾಯಿಲೆ ಇರುವ ಕೈದಿ ಯಾರೂ ಇಲ್ಲ ಎಂದು ಪ್ರತಿ ಮೂರು ತಿಂಗಳಿಗೊಮ್ಮೆ ಜೈಲಿನ ವೈದ್ಯಾಧಿಕಾರಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೃಢೀಕರಿಸಿ ವರದಿ ಕಳುಹಿಸಬೇಕು ಎಂದೂ ಹೇಳುತ್ತದೆ. ಅಂತಹ ಕೈದಿ ಇದ್ದರೆ, ಆತನನ್ನು ಚಿಕಿತ್ಸೆಗೆ ಕಳುಹಿಸದೆ ಜೈಲಿನಲ್ಲೇ ಏಕೆ ಇಟ್ಟುಕೊಳ್ಳಲಾಗಿದೆ ಎಂದು ಮಂಡಳಿ ಜೈಲಿಗೇ ಬಂದು ಕೇಳಬಹುದು.

ಈ ತ್ರೈಮಾಸಿಕ ವರದಿಯ ಆಶಯ ಒಳ್ಳೆಯದು. ಚಿಕಿತ್ಸೆ ಬೇಕಾದವನನ್ನು ಜೈಲಿನಲ್ಲಿ ಕೊಳೆಹಾಕಬಾರದೆಂಬ ಒತ್ತಾಯ ಅದರಲ್ಲಿದೆ. ಆದರೆ ಅದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮನೋವೈದ್ಯಕೀಯ ತರಬೇತಿ ಇಲ್ಲದ, ದಿನದ ಸ್ವಲ್ಪ ಹೊತ್ತು ಮಾತ್ರ ಜೈಲಿಗೆ ಬರುವ ವೈದ್ಯರಿಗೆ ಖಿನ್ನತೆಯನ್ನೋ ಆರಂಭದ ಹಂತದ ಸ್ಕಿಜೋಫ್ರೇನಿಯಾವನ್ನೋ ಗುರುತಿಸುವುದು ಕಷ್ಟ. ಗುರುತಿಸಿ ಬರೆದುಬಿಟ್ಟರೆ, ವರ್ಗಾವಣೆ, ಅನುಮತಿ, ಬೆಂಗಾವಲು, ವಿವರಣೆ ಎಂಬ ಕೆಲಸಗಳ ಸಾಲು ಶುರುವಾಗುತ್ತದೆ. ‘ಯಾರೂ ಇಲ್ಲ’ ಎಂದು ಬರೆದರೆ ಯಾವ ಕೆಲಸವೂ ಇಲ್ಲ. ವೈದ್ಯರು ಪ್ರಾಮಾಣಿಕರೇ ಆಗಿದ್ದರೂ ವ್ಯವಸ್ಥೆ ಅವರನ್ನು ಎರಡನೆಯ ದಾರಿಯತ್ತಲೇ ತಳ್ಳುತ್ತದೆ. ಕಾಗದದಲ್ಲಿ ರೋಗಿಯೇ ಇಲ್ಲದಿದ್ದ ಮೇಲೆ ಮುಂದಿನ ವರ್ಷದ ಅನುದಾನದ ಬೇಡಿಕೆಯಲ್ಲಿ ರೋಗಿಯ ಖರ್ಚೂ ಇರುವುದಿಲ್ಲ. ಹೀಗೆ ತಪಾಸಣೆಯ ಕೊರತೆ ದಾಖಲೆಯ ಕೊರತೆಯಾಗುತ್ತದೆ, ದಾಖಲೆಯ ಕೊರತೆ ಹಣದ ಕೊರತೆಯಾಗುತ್ತದೆ, ಹಣವಿಲ್ಲದ್ದರಿಂದ ಮತ್ತೆ ತಪಾಸಣೆ ನಡೆಯುವುದಿಲ್ಲ.

ಇನ್ನೊಂದು ತೊಡಕು ಮಾನದಂಡದ್ದು. ಕಾಯ್ದೆಯಡಿ 2018ರಲ್ಲಿ ಬಂದ ನಿಯಮಗಳು ಜೈಲಿನ ಮಾನಸಿಕ ಆರೋಗ್ಯ ಸೇವೆಗೆ ಕನಿಷ್ಠ ಮಟ್ಟವನ್ನು ನಿಗದಿಪಡಿಸಿವೆ: 500 ಕೈದಿಗಳಿಗೆ ಒಬ್ಬ ವೈದ್ಯ, ಇಬ್ಬರು ನರ್ಸ್‌ಗಳು, ನಾಲ್ವರು ಆಪ್ತಸಮಾಲೋಚಕರು, ಒಳರೋಗಿಗಳಿಗೆ 20 ಹಾಸಿಗೆ, ಜೊತೆಗೆ ಮನೋವೈದ್ಯರೂ ಸೇರಿದಂತೆ ತಜ್ಞರು. ಆದರೆ ಈ ಸಂಖ್ಯೆಗಳು ಹೇಳುವುದು ಕೇಂದ್ರ ಕಾರಾಗೃಹಗಳ ಕುರಿತು. ಕೆಲವೇ ನೂರು ಜನರಿರುವ ಜಿಲ್ಲಾ ಜೈಲು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಸಂಖ್ಯೆ ನಿಗದಿಯಾಗದ ಕಡೆ ಹುದ್ದೆ ಮಂಜೂರಾಗುವುದು ಕಷ್ಟ, ಮಂಜೂರಾಗದ ಹುದ್ದೆಗೆ ಸಂಬಳದ ಅನುದಾನ ಕೇಳಲು ಬರುವುದಿಲ್ಲ.

ಹಣ ಬರುವ ಮೂರು ದಾರಿಗಳು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕಾರಾಗೃಹ ರಾಜ್ಯ ಪಟ್ಟಿಯ ವಿಷಯ. ಸಾರ್ವಜನಿಕ ಆರೋಗ್ಯವೂ ಅದೇ ಪಟ್ಟಿಯಲ್ಲಿದೆ. ಹೀಗಾಗಿ ಹೊಣೆ ರಾಜ್ಯ ಸರ್ಕಾರದ್ದೇ ಎಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ರಾಜ್ಯ ಸರ್ಕಾರದೊಳಗಿನ ಹಂಚಿಕೆಯಲ್ಲಿ.

ಮೊದಲನೆಯದು, ಗೃಹ ಇಲಾಖೆಯ ಅಧೀನದಲ್ಲಿರುವ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಅನುದಾನ. ಸಿಬ್ಬಂದಿ ಸಂಬಳ, ಊಟ, ಕಟ್ಟಡ, ಭದ್ರತೆ ಇದರಲ್ಲೇ ನಡೆಯಬೇಕು. ಇವು ಒಂದು ದಿನವೂ ನಿಲ್ಲಿಸಲಾಗದ ಖರ್ಚುಗಳಾದ್ದರಿಂದ, ಆಪ್ತಸಮಾಲೋಚನೆಯಂತಹ ಮುಂದೂಡಬಹುದಾದ ಬಾಬ್ತು ಸದಾ ಕೊನೆಗೆ ಹೋಗುತ್ತದೆ. ಎರಡನೆಯದು, ಆರೋಗ್ಯ ಇಲಾಖೆಯ ಅನುದಾನ. ವೈದ್ಯರು ಈ ಇಲಾಖೆಯವರು. ಆದರೆ ಜೈಲು ಅದರ ಆಸ್ಪತ್ರೆಯಲ್ಲ.

ಮೂರನೆಯದು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹಣ. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಈ ಕಾರ್ಯಕ್ರಮದ ಮೂಲ ನಮ್ಮ ನೆರೆಯಲ್ಲೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವೈದ್ಯರು ಊರೂರಿಗೆ ಇಲ್ಲದಿದ್ದರೂ ಮಾನಸಿಕ ಚಿಕಿತ್ಸೆ ಊರೂರಿಗೆ ತಲುಪಬಲ್ಲದೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಈ ರಾಷ್ಟ್ರೀಯ ಯೋಜನೆ ರೂಪುಗೊಂಡಿತು.

ಈ ಯೋಜನೆಯಡಿ ಒಂದು ಜಿಲ್ಲೆಗೆ ವರ್ಷಕ್ಕೆ ಸಿಗಬಹುದಾದ ಗರಿಷ್ಠ ಮೊತ್ತ ₹83.2 ಲಕ್ಷ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಪೂರ್ತಿ ಮೊತ್ತ ಬಿಡುಗಡೆಯಾದರೂ ತಲೆಗೆ ವರ್ಷಕ್ಕೆ ಐದು ರೂಪಾಯಿ. ಆ ಹಣದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್‌ಗಳ ಸಂಬಳ, ಔಷಧ, ತರಬೇತಿ, ಪ್ರಯಾಣ ಎಲ್ಲವೂ ನಡೆಯಬೇಕು. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮುರು ಎಂಬ ಆರು ತಾಲ್ಲೂಕುಗಳನ್ನೂ ತಲುಪಬೇಕು. ದಾವಣಗೆರೆ ಜಿಲ್ಲೆಯಲ್ಲೂ ಆರೇ ತಾಲ್ಲೂಕುಗಳು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾ ದಿನದಲ್ಲಿ ರೋಗಿಗಳು ಸಾಲುಗಟ್ಟಿ ಕಾಯುತ್ತಿರುವಾಗ, ಜೈಲಿಗೂ ಬನ್ನಿ ಎಂದು ಆ ತಂಡವನ್ನು ಕೇಳುವುದು ಸುಲಭ. ಅದಕ್ಕೆ ಬೇರೆ ಸಮಯ, ವಾಹನ, ಸಿಬ್ಬಂದಿ ಕೊಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಕಾಣದ ಖರ್ಚುಗಳು

ಜೈಲಿನಲ್ಲಿ ಚಿಕಿತ್ಸೆ ಕೊಡದಿದ್ದರೆ ಹಣ ಉಳಿಯುತ್ತದೆ ಎಂಬುದು ತಪ್ಪು ಲೆಕ್ಕ. ಕಾಯಿಲೆ ಉಲ್ಬಣಿಸಿದ ಕೈದಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಒಯ್ಯಬೇಕಾಗುತ್ತದೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್; ಧಾರವಾಡ ಅದಕ್ಕಿಂತ ತುಸು ದೂರ. ಸಶಸ್ತ್ರ ಮೀಸಲು ಪಡೆಯ ಬೆಂಗಾವಲು ಸಿಬ್ಬಂದಿ, ವಾಹನ, ಭತ್ಯೆ, ಒಳರೋಗಿಯಾದರೆ ಹಗಲಿರುಳು ಕಾವಲು ಬೇಕು. ಈ ಖರ್ಚು ಪೊಲೀಸ್ ಇಲಾಖೆಯ ಲೆಕ್ಕದಲ್ಲಿ ಸೇರಿಹೋಗುವುದರಿಂದ ಮಾನಸಿಕ ಆರೋಗ್ಯದ ಖರ್ಚೆಂದು ಎಲ್ಲೂ ಕಾಣುವುದಿಲ್ಲ. ಬಂದೋಬಸ್ತಿನ ಒತ್ತಡವಿರುವ ದಿನ ಬೆಂಗಾವಲು ಸಿಗದಿದ್ದರೆ ಆಸ್ಪತ್ರೆಯ ದಿನಾಂಕವೇ ತಪ್ಪುತ್ತದೆ.

ವಿಚಾರಣೆಯ ಮೇಲಾಗುವ ಪರಿಣಾಮ ಇದಕ್ಕಿಂತ ಗಂಭೀರ. ಆರೋಪಿ ತನ್ನ ಪರ ವಾದಿಸಿಕೊಳ್ಳಲಾರದಷ್ಟು ಅಸ್ವಸ್ಥನೆಂದು ಕಂಡುಬಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಸೆಕ್ಷನ್‌ನಿಂದ ಆರಂಭವಾಗುವ ಅಧ್ಯಾಯದಂತೆ ವಿಚಾರಣೆಯನ್ನು ಮುಂದೂಡಬೇಕಾಗುತ್ತದೆ. ಚಿಕಿತ್ಸೆ ಇಲ್ಲದೆ ಆತ ಗುಣವಾಗುವುದಿಲ್ಲ, ಗುಣವಾಗದೆ ಮೊಕದ್ದಮೆ ಮುಂದುವರಿಯುವುದಿಲ್ಲ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬವರನ್ನು 1951ರಲ್ಲಿ ಬಂಧಿಸಲಾಯಿತು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ವೈದ್ಯರು ಅವರನ್ನು ಸ್ವಸ್ಥರೆಂದು ದೃಢೀಕರಿಸಿದರು. ಆದರೆ ಬಿಡುಗಡೆಯಾದದ್ದು 2005ರಲ್ಲಿ. ವಿಚಾರಣೆಯೇ ನಡೆಯದೆ ಐದು ದಶಕಕ್ಕೂ ಹೆಚ್ಚು ಕಾಲ ಕಳೆದಿತ್ತು. ಇದು ವಿರಳ ಪ್ರಕರಣ, ನಿಜ. ಆದರೂ ಆಸ್ಪತ್ರೆ, ಜೈಲು, ನ್ಯಾಯಾಲಯಗಳ ನಡುವೆ ಕಡತವನ್ನು ಕೈಗೆತ್ತಿಕೊಳ್ಳುವ ಒಬ್ಬ ಹೊಣೆಗಾರ ಇಲ್ಲದಿದ್ದರೆ ಏನಾಗಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಬಿಡುಗಡೆಯ ದಿನವೂ ಅಪಾಯದ ದಿನವೇ. ಜಾಮೀನಿನ ಆದೇಶ ಸಂಜೆ ಜೈಲು ತಲುಪಿದರೆ, ಕೈದಿ ಮಾತ್ರೆಯ ಚೀಟಿಯೂ ಇಲ್ಲದೆ ಹೊರಬರುವ ಸಾಧ್ಯತೆ ಹೆಚ್ಚು. ಜಿಲ್ಲಾ ಜೈಲಿನಿಂದ ಜನರು ಬೇಗ ಬೇಗ ಹೊರಹೋಗುತ್ತಾರೆ ಎಂಬ ಕಾರಣಕ್ಕೇ, ಅಲ್ಲಿ ಆರಂಭವಾದ ಚಿಕಿತ್ಸೆ ಹೊರಗಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮುಂದುವರಿಯುವ ಏರ್ಪಾಡು ಕೇಂದ್ರ ಕಾರಾಗೃಹಕ್ಕಿಂತ ಇಲ್ಲಿ ಹೆಚ್ಚು ಅಗತ್ಯ.

ಪರ–ವಿರೋಧದ ನಿಲುವುಗಳು

ಶಾಲೆಗೆ ಕೊಠಡಿಯಿಲ್ಲ, ಆಸ್ಪತ್ರೆಗೆ ವೈದ್ಯರಿಲ್ಲ, ಆರೋಪಿಗಳಿಗೆ ತೆರಿಗೆ ಹಣ ಏಕೆ ಎಂಬ ಪ್ರಶ್ನೆಯನ್ನು ಸಾಮಾನ್ಯ ಜನ ಕೇಳುತ್ತಾರೆ. ಅದನ್ನು ತಾತ್ಸಾರ ಮಾಡುವಂತಿಲ್ಲ. ಆದರೆ ಹೊರಗಿರುವ ರೋಗಿ ಬೇರೆ ಆಸ್ಪತ್ರೆ ಹುಡುಕಿಕೊಂಡು ಹೋಗಬಲ್ಲ. ಕೈದಿಯ ಆ ಸ್ವಾತಂತ್ರ್ಯವನ್ನು ಸರ್ಕಾರವೇ ತೆಗೆದುಕೊಂಡಿದೆ, ಆದ್ದರಿಂದ ಚಿಕಿತ್ಸೆಯ ಹೊಣೆಯೂ ಅದಕ್ಕೇ ಅಂಟಿಕೊಳ್ಳುತ್ತದೆ.

ದೂರವಾಣಿ ಮತ್ತು ವಿಡಿಯೊ ಮೂಲಕ ಸಮಾಲೋಚನೆ ಸಾಕು ಎಂಬುದು ಇನ್ನೊಂದು ನಿಲುವು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416 ಇದಕ್ಕೆ ಆಧಾರ. ನ್ಯಾಯಾಲಯದ ಹಾಜರಾತಿಗೆ ಬಳಸುವ ವಿಡಿಯೊ ಸೌಲಭ್ಯವನ್ನೇ ವೈದ್ಯರಿಗೂ ಬಳಸಬಹುದು. ಇದು ಉಪಯುಕ್ತ, ಅಗ್ಗ, ಮತ್ತು ಕೂಡಲೇ ಆಗಬಹುದಾದದ್ದು. ಆದರೆ ಕೈದಿಯ ಕೈಯಲ್ಲಿ ಫೋನ್ ಇಲ್ಲ. ಯಾರಿಗೆ ಸಮಾಲೋಚನೆ ಬೇಕೆಂದು ಒಳಗಿನವರೊಬ್ಬರು ಗುರುತಿಸಬೇಕು, ಮಾತನಾಡುವಾಗ ಕಾವಲುಗಾರರ ಕಿವಿಗೆ ಬೀಳದಂತಹ ಜಾಗ ಕೊಡಬೇಕು, ಬರೆದುಕೊಟ್ಟ ಔಷಧ ಆ ದಿನವೇ ಸಿಗಬೇಕು. ಪರದೆಯ ಈಚೆಗೆ ಈ ಮೂರು ಕೆಲಸ ಮಾಡುವ ವ್ಯಕ್ತಿ ಇಲ್ಲದಿದ್ದರೆ ಪರದೆ ಇದ್ದೂ ಪ್ರಯೋಜನವಿಲ್ಲ.

ಮಾನವ ಹಕ್ಕುಗಳ ಪರವಾಗಿ ಮಾತನಾಡುವವರಲ್ಲಿ ಕೆಲವರ ವಾದ ಇದಕ್ಕೆ ಬೇರೆ ದಿಕ್ಕಿನದು. ಜೈಲಿನೊಳಗೇ ಮಾನಸಿಕ ವಾರ್ಡ್ ಕಟ್ಟಿದರೆ, ಜೈಲಿನಲ್ಲಿ ಇರಲೇಬಾರದವರನ್ನು ಅಲ್ಲೇ ಉಳಿಸಿಕೊಳ್ಳಲು ನೆಪ ಸಿಗುತ್ತದೆ ಎನ್ನುತ್ತಾರೆ ಅವರು. ಅಪರಾಧವೆಸಗದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ ಹಿನ್ನೆಲೆ ಈ ವಾದಕ್ಕಿದೆ. ಜಿಲ್ಲಾ ಜೈಲುಗಳ ಮಟ್ಟಿಗೆ ಈ ವಾದವನ್ನು ಒಪ್ಪಬೇಕು. ಕೆಲವೇ ನೂರು ಜನರ ಜೈಲಿಗೆ ವಾರ್ಡ್ ಕಟ್ಟಿ, ಅದಕ್ಕೆ ತಜ್ಞರು ಸಿಗದೆ ಬೀಗ ಹಾಕುವ ಬದಲು, ಆಸ್ಪತ್ರೆಯೊಂದಿಗಿನ ನಂಟಿಗೆ ಹಣ ಹಾಕುವುದೇ ಸರಿ.

ಮುಂದಿನ ಬಜೆಟ್‌ನಲ್ಲಿ ನೋಡಬೇಕಾದದ್ದು

ಸರ್ಕಾರ ಕೇಂದ್ರ ಕಾರಾಗೃಹಗಳ ಮಾನದಂಡವನ್ನಷ್ಟೇ ಪಾಲಿಸಿದರೆ, ಕಾನೂನಿನ ಅಕ್ಷರ ಉಳಿಯುತ್ತದೆ, ಆದರೆ ಚಿತ್ರದುರ್ಗ, ದಾವಣಗೆರೆಯಲ್ಲಿ ಕಾಯಿಲೆ ಬಿದ್ದವರು ದೂರದ ಆಸ್ಪತ್ರೆಯ ದಾರಿಯನ್ನೇ ಕಾಯಬೇಕಾಗುತ್ತದೆ. ಮೊದಲ ವಾರದ ಸನ್ನಿಗೂ ಆತ್ಮಹತ್ಯೆಯ ಅಪಾಯಕ್ಕೂ ಆ ದಾರಿ ಉತ್ತರವಲ್ಲ.

ಸಣ್ಣ ಜೈಲಿಗೆ ಬೇಕಾದದ್ದು ದೊಡ್ಡ ಮೊತ್ತವಲ್ಲ. ಪ್ರವೇಶದ ದಿನ ಪ್ರಶ್ನಾವಳಿ ಹಿಡಿದು ಕೂರುವ ಒಬ್ಬ ಪೂರ್ಣಾವಧಿ ಆಪ್ತಸಮಾಲೋಚಕ ಅಥವಾ ಮನೋವೈದ್ಯಕೀಯ ನರ್ಸ್, ಜಿಲ್ಲಾ ತಂಡದ ಮನೋವೈದ್ಯರ ವಾರದ ನಿಗದಿತ ಭೇಟಿ, ಔಷಧದ ದಾಸ್ತಾನು, ಜೈಲು ಸಿಬ್ಬಂದಿಗೆ ತರಬೇತಿ, ಬಿಡುಗಡೆಯಾಗುವಾಗ ಕೆಲವು ವಾರಗಳ ಮಾತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗೆ ಪತ್ರ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಾಗಲಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಾಗಲಿ ಇದರ ನೆಲೆಯಾಗಬಹುದು. ಆದರೆ ಇದು ಅಧಿಕಾರಿಯೊಬ್ಬರ ಆಸಕ್ತಿಯಿಂದ ನಡೆದು ಅವರ ವರ್ಗಾವಣೆಯೊಂದಿಗೆ ನಿಲ್ಲಬಾರದು ಎಂದಾದರೆ, ಆರೋಗ್ಯ ಇಲಾಖೆಯ ಬಜೆಟ್‌ನಲ್ಲಿ ಜೈಲುಗಳ ಮಾನಸಿಕ ಆರೋಗ್ಯಕ್ಕೆಂದೇ ಒಂದು ಲೆಕ್ಕಶೀರ್ಷಿಕೆ ಇರಬೇಕು. ಜೈಲು ಇಲಾಖೆಯ ಬದಲು ಆರೋಗ್ಯ ಇಲಾಖೆ ಏಕೆಂದರೆ, ರೋಗಿ ಬಿಡುಗಡೆಯಾದ ಮೇಲೂ ಅವನ ಜೊತೆ ಉಳಿಯುವ ಇಲಾಖೆ ಅದೊಂದೇ. ಜೊತೆಗೆ ತ್ರೈಮಾಸಿಕ ವರದಿಯ ನಮೂನೆಯೂ ಬದಲಾಗಬೇಕು. ಕಾಯ್ದೆ ಕೇಳುವ ದೃಢೀಕರಣದ ಜೊತೆಯಲ್ಲೇ ಎಷ್ಟು ಮಂದಿಯನ್ನು ತಪಾಸಣೆ ಮಾಡಲಾಯಿತು, ಎಷ್ಟು ಮಂದಿಗೆ ಚಿಕಿತ್ಸೆ ಆರಂಭವಾಯಿತು, ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಲಾಯಿತು ಎಂಬ ಅಂಕಿಗಳನ್ನು ರಾಜ್ಯ ಸರ್ಕಾರ ಆಡಳಿತಾತ್ಮಕ ಆದೇಶದ ಮೂಲಕವೇ ಕೇಳಬಹುದು.

ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು ಪ್ರಯತ್ನಿಸಲು ಕಾಯ್ದೆ ಸರ್ಕಾರಗಳಿಗೆ ಕೊಟ್ಟಿರುವ ಅವಧಿ ಜಾರಿಯ ದಿನದಿಂದ ಹತ್ತು ವರ್ಷ, ಅಂದರೆ 2028ರವರೆಗೆ. ಅಷ್ಟರೊಳಗೆ ಮಂಡನೆಯಾಗುವ ಬಜೆಟ್‌ಗಳಲ್ಲಿ ಆರೋಗ್ಯ ಇಲಾಖೆಯ ಬೇಡಿಕೆ ಪುಸ್ತಕವನ್ನು ತೆರೆದು ಜಿಲ್ಲಾ ಜೈಲುಗಳಿಗೆ ಮಂಜೂರಾದ ಹುದ್ದೆಗಳು ಅದರಲ್ಲಿವೆಯೇ ಎಂದು ಕೇಳುವ ಅವಕಾಶ ಎರಡೂ ಜಿಲ್ಲೆಗಳ ಶಾಸಕರಿಗಿದೆ. ಇದುವರೆಗಿನ ತ್ರೈಮಾಸಿಕ ವರದಿಗಳನ್ನು ತರಿಸಿ ನೋಡುವ ಅಧಿಕಾರ ಪುನರ್ವಿಮರ್ಶಾ ಮಂಡಳಿಗೆ ಈಗಲೇ ಇದೆ. ಅದಕ್ಕೆ ಹೊಸ ಕಾನೂನಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ.